ಕರಿಬೇವಿನ ಗಿಡದ ಪಕ್ಕ ಒಂದು ಸ್ಟೂಲ್ ಹಾಕಿಕೊಳ್ಳಿ

ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂಡರೆ ತಕ್ಷಣ ನೀರು ಎರಚಿ ತೊಳೆಯಬೇಡಿ. ಸ್ವಲ್ಪ ಬಗ್ಗಿ ನೋಡಿ. ಉಗುರಿನಷ್ಟೂ ಉದ್ದ ಇಲ್ಲ, ಕಂದು ಬಣ್ಣ, ನಡುವೆ ಬಿಳಿ ಪಟ್ಟೆ, ಮೈ ಒದ್ದೆಯಾದ ಹಾಗೆ ಹೊಳೆಯುತ್ತಿದೆ. ಒಣಗಿದ ಕಡ್ಡಿಯಿಂದ ಮೆಲ್ಲಗೆ ಮುಟ್ಟಿ. ತಲೆಯ ಹಿಂದಿನಿಂದ ಕವಲೊಡೆದ ಒಂದು ಕೊಂಬು ಪಟ್ಟನೆ ಹೊರಗೆ ಬಂತು, ಜೊತೆಗೆ ಘಾಟು ವಾಸನೆ ಬೇರೆ. ಅದು ಚಿಟ್ಟೆಯ ಮರಿಹುಳ. ಹಕ್ಕಿಗಳು ತಿನ್ನದಿರಲಿ ಅಂತ ಹಿಕ್ಕೆಯ ವೇಷ ಹಾಕಿಕೊಂಡು ಕೂತಿದೆ.

ಹಿತ್ತಲಲ್ಲಿ ಹುಳ ಹುಪ್ಪಟೆ ನೋಡುವುದನ್ನು ಎಲ್ಲಿಂದ ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಈ ಗಿಡವನ್ನೇ ತೋರಿಸುತ್ತೇನೆ. ನಮ್ಮದು ಮೈಸೂರಿನಲ್ಲಿ ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಉಳಿದ ಜಾಗದಲ್ಲಿ ಒಂದು ಕರಿಬೇವು, ಒಂದು ನಿಂಬೆ, ಒಂದು ನುಗ್ಗೆ, ಕಾಂಪೌಂಡ್ ಪಕ್ಕ ಕಣಿಗಲೆ, ಅಷ್ಟೇ. ಅಷ್ಟರಲ್ಲೇ ವರ್ಷವಿಡೀ ನೋಡಿದರೂ ಮುಗಿಯದಷ್ಟು ಇದೆ.

ನಮ್ಮ ಕಡೆ ವಸಂತ ಒಂದೇ ದಿನ ಬಂದು ಇಳಿಯುವುದಿಲ್ಲ. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಹೊರಟುಹೋಗುತ್ತದೆ ಅನ್ನುತ್ತಾರಲ್ಲ, ಅಲ್ಲಿಂದ ಯುಗಾದಿ ದಾಟುವವರೆಗೆ ಒಂದೊಂದು ವಾರ ಒಂದೊಂದು ಗಿಡಕ್ಕೆ ಬರುತ್ತದೆ. ಹೊಂಗೆ ಎಲೆ ಉದುರಿಸಿ ಎಳೆ ಹಸಿರು ಹೊದೆಯುತ್ತದೆ. ಬೇವು ಹೂ ಬಿಡುತ್ತದೆ. ಕರಿಬೇವು ಹೊಸ ಕುಡಿ ಒಡೆಯುತ್ತದೆ. ಕುಡಿ ಎಲ್ಲಿ ಒಡೆಯಿತೋ ಹುಳ ಅಲ್ಲಿಗೆ, ಹುಳ ಎಲ್ಲಿದೆಯೋ ಹಕ್ಕಿ ಅಲ್ಲಿಗೆ. ಹಾಗಾಗಿ ಮೊದಲು ಗಿಡ ನೋಡಿ, ಪ್ರಾಣಿ ಆಮೇಲೆ ತಾನಾಗಿ ಕಾಣುತ್ತದೆ.

ನೋಡುವ ಕ್ರಮ ತುಂಬ ಸರಳ. ಒಂದು ಜಾಗ ಆರಿಸಿಕೊಳ್ಳಿ, ಅಲ್ಲಿ ಸ್ಟೂಲ್ ಹಾಕಿ, ದಿನಾ ಒಂದೇ ಹೊತ್ತಿಗೆ ಹದಿನೈದು ನಿಮಿಷ ಕೂತುಕೊಳ್ಳಿ. ಓಡಾಡಬೇಡಿ. ನೀವು ಬಂದು ಕೂತ ಮೊದಲ ಐದು ನಿಮಿಷ ಏನೂ ಇಲ್ಲ ಅನ್ನಿಸುತ್ತದೆ, ಯಾಕೆಂದರೆ ನಿಮ್ಮನ್ನು ನೋಡಿ ಎಲ್ಲವೂ ಸುಮ್ಮನಾಗಿರುತ್ತವೆ, ಎಲೆಯ ಅಡಿಗೆ ಸರಿದಿರುತ್ತವೆ. ಆಮೇಲೆ ಒಂದೊಂದೇ ಹೊರಗೆ ಬರುತ್ತವೆ. ಹೆಚ್ಚಿನವರು ಆ ಐದನೇ ನಿಮಿಷಕ್ಕೇ ಎದ್ದುಬಿಡುತ್ತಾರೆ, ಅದಕ್ಕೇ ಅವರಿಗೆ ಏನೂ ಕಾಣುವುದಿಲ್ಲ. ನಿಮ್ಮ ನೆರಳು ಗಿಡದ ಮೇಲೆ ಬೀಳದ ಹಾಗೆ ಕೂತರೆ ಇನ್ನೂ ಒಳ್ಳೆಯದು. ಹಕ್ಕಿಗಳಿಗೆ ಬೆಳಿಗ್ಗೆ ಆರರಿಂದ ಏಳೂವರೆ. ಚಿಟ್ಟೆಗೆ ಬಿಸಿಲು ಕಾಯದೆ ಹಾರಲು ಆಗುವುದಿಲ್ಲ, ಅದಕ್ಕೆ ಎಂಟೂವರೆ ಆದಮೇಲೆ ಹನ್ನೊಂದರವರೆಗೆ. ಮಧ್ಯಾಹ್ನ ನೀವೂ ಮಲಗಿ, ಅವೂ ಮಲಗಲಿ.

ಈಗ ಕರಿಬೇವಿಗೇ ವಾಪಸ್ ಬರೋಣ. ಹೊಸ ಚಿಗುರಿನ ಸುತ್ತ ಒಂದು ಕಪ್ಪು ಚಿಟ್ಟೆ ಕೂರದೆ, ಪಟಪಟ ರೆಕ್ಕೆ ಬಡಿಯುತ್ತಲೇ ಎಲೆಯಿಂದ ಎಲೆಗೆ ಹೋಗುತ್ತಿದ್ದರೆ ಅದು ಮೊಟ್ಟೆ ಇಡುತ್ತಿದೆ ಅಂತ ತಿಳಿಯಿರಿ. ಅದು ಹೋದಮೇಲೆ ಎಲೆ ತಿರುಗಿಸಿ ನೋಡಿ. ಸಾಸಿವೆಗಿಂತ ಸಣ್ಣ, ತಿಳಿ ಹಳದಿ ಬಣ್ಣದ ಗುಂಡು ಮೊಟ್ಟೆ. ಆ ಕೊಂಬೆಗೆ ಒಂದು ದಾರ ಕಟ್ಟಿ ಗುರುತು ಮಾಡಿಕೊಳ್ಳಿ. ಮೂರು ನಾಲ್ಕು ದಿನಕ್ಕೆ ಮರಿ ಹೊರಗೆ ಬಂದು ಮೊದಲು ತನ್ನ ಮೊಟ್ಟೆಯ ಚಿಪ್ಪನ್ನೇ ತಿನ್ನುತ್ತದೆ. ನಾಲ್ಕು ಸಲ ಪೊರೆ ಬಿಡುತ್ತದೆ. ಕೊನೆಯ ಪೊರೆ ಬಿಟ್ಟಮೇಲೆ ಹಿಕ್ಕೆಯ ವೇಷ ಹೋಗಿ ಹಚ್ಚ ಹಸಿರು ಮೈ ಬರುತ್ತದೆ, ಆಗ ಎಲೆಯ ಮೇಲಿದ್ದರೂ ಕಣ್ಣಿಗೆ ಬೀಳುವುದಿಲ್ಲ. ಹುಳ ಹುಡುಕುವುದಕ್ಕಿಂತ ಬರಿದಾದ ಕಡ್ಡಿ ಹುಡುಕಿ, ನೆಲದ ಮೇಲೆ ಮೆಣಸಿನ ಕಾಳಿನ ಹಾಗೆ ಬಿದ್ದ ಹಿಕ್ಕೆ ಹುಡುಕಿ. ಅದರ ನೇರ ಮೇಲೆ ಹುಳ ಇರುತ್ತದೆ.

ಒಂದು ದಿನ ಹುಳ ತಿನ್ನುವುದನ್ನು ನಿಲ್ಲಿಸಿ ಅತ್ತಿತ್ತ ನಡೆದಾಡಲು ಶುರು ಮಾಡುತ್ತದೆ. ಆ ದಿನ ಬಿಡುವಿದ್ದರೆ ಪಕ್ಕದಲ್ಲೇ ಇರಿ. ಒಂದು ಕಡ್ಡಿ ಹಿಡಿದು, ಬಾಲದ ತುದಿಯನ್ನು ನೂಲಿನಿಂದ ಅಂಟಿಸಿ, ಬೆನ್ನ ಸುತ್ತ ಒಂದು ನೂಲಿನ ಸೊಂಟಪಟ್ಟಿ ಹಾಕಿಕೊಂಡು ಒರಗಿ ನಿಲ್ಲುತ್ತದೆ, ತೆಂಗಿನ ಮರ ಹತ್ತುವವರು ಹಗ್ಗಕ್ಕೆ ಒರಗಿ ನಿಲ್ಲುತ್ತಾರಲ್ಲ ಹಾಗೆ. ಮರುದಿನಕ್ಕೆ ಪೊರೆ ಕಳಚಿ ಕೋಶವಾಗಿರುತ್ತದೆ. ಹಸಿರು ಕಡ್ಡಿಯಲ್ಲಿದ್ದರೆ ಸಾಮಾನ್ಯವಾಗಿ ಹಸಿರು, ಒಣ ಕಡ್ಡಿಯಲ್ಲಿದ್ದರೆ ಕಂದು. ಹತ್ತು ಹನ್ನೆರಡು ದಿನ ಬಿಟ್ಟು, ಕೋಶದ ಒಳಗಿನಿಂದ ರೆಕ್ಕೆಯ ಬಣ್ಣ ಕಪ್ಪಾಗಿ ಕಾಣಲು ಶುರುವಾದರೆ ಮರುದಿನ ಬೆಳಿಗ್ಗೆ ಬೇಗ ಏಳಿ. ಹೊರಗೆ ಬಂದ ಚಿಟ್ಟೆಯ ರೆಕ್ಕೆ ಹಿಂಡಿದ ಬಟ್ಟೆಯಂತಿರುತ್ತದೆ, ಒಂದು ಗಂಟೆಗೂ ಜಾಸ್ತಿ ನೇತಾಡಿಕೊಂಡು ಒಣಗಿಸಿಕೊಳ್ಳುತ್ತದೆ. ಆಗ ಮುಟ್ಟಬೇಡಿ, ಸಹಾಯ ಮಾಡಲೂ ಹೋಗಬೇಡಿ. ಕೆಲವು ಕೋಶಗಳಿಂದ ಚಿಟ್ಟೆ ಬರುವುದೇ ಇಲ್ಲ, ಒಳಗಿದ್ದ ಹುಳವನ್ನೇ ತಿಂದು ಬೆಳೆದ ಪುಟ್ಟ ಕಣಜಗಳು ಸಣ್ಣ ತೂತು ಮಾಡಿಕೊಂಡು ಹೊರಬರುತ್ತವೆ. ಮೊದಲ ಸಲ ನೋಡಿದಾಗ ನನಗೆ ಬಹಳ ಬೇಜಾರಾಗಿತ್ತು. ಈಗ ಅದನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ.

ಬಂದದ್ದು ಯಾವ ಚಿಟ್ಟೆ? ಕರಿಬೇವು, ನಿಂಬೆಯಲ್ಲಿ ಹೆಚ್ಚಾಗಿ ಎರಡು. ಕಪ್ಪು ಮೈಗೆ ತಿಳಿ ಹಳದಿ ಮಚ್ಚೆ ತುಂಬಿದ್ದು, ರೆಕ್ಕೆಗೆ ಬಾಲ ಇಲ್ಲದ್ದು ನಿಂಬೆ ಚಿಟ್ಟೆ. ಕಪ್ಪು ರೆಕ್ಕೆಯ ಮೇಲೆ ಒಂದೇ ಸಾಲು ಬಿಳಿ ಚುಕ್ಕಿ ಇದ್ದರೆ ಕಾಮನ್ ಮಾರ್ಮನ್ ಗಂಡು. ಹೆಣ್ಣು ಹಲವು ಸಲ ಬೇರೆಯೇ ಜಾತಿಯ ಹಾಗಿರುತ್ತದೆ, ಹಿಂದಿನ ರೆಕ್ಕೆಯಲ್ಲಿ ಬಿಳಿಯ ಜೊತೆ ಕೆಂಪು ಮಚ್ಚೆ. ಕಾರಣ ಇದೆ. ಈಶ್ವರಿ ಬಳ್ಳಿ ತಿಂದು ಬೆಳೆಯುವ ಕಾಮನ್ ರೋಸ್ ಚಿಟ್ಟೆ ವಿಷ, ಹಕ್ಕಿಗಳು ಅದನ್ನು ಮುಟ್ಟುವುದಿಲ್ಲ. ಮಾರ್ಮನ್ ಹೆಣ್ಣು ಅದರ ಬಟ್ಟೆ ತೊಟ್ಟು ಬದುಕುತ್ತದೆ.

ದಯವಿಟ್ಟು ಹುಳವನ್ನು ಬಾಟಲಿಗೆ ಹಾಕಿ ಮುಚ್ಚಳ ಮುಚ್ಚಬೇಡಿ. ಹತ್ತನೇ ಕ್ಲಾಸಿನಲ್ಲಿದ್ದಾಗ ನಾನು ಹಾರ್ಲಿಕ್ಸ್ ಬಾಟಲಿಯಲ್ಲಿ ಮೂರು ಹುಳ ಇಟ್ಟಿದ್ದೆ. ಬಾಟಲಿ ಒಳಗೆಲ್ಲ ಬೆವರಿ, ಎಲೆ ಕೊಳೆತು, ಮೂರೂ ಸತ್ತವು. ಗಿಡದಲ್ಲೇ ಬಿಡಿ. ಮಕ್ಕಳಿಗೆ ಹತ್ತಿರದಿಂದ ತೋರಿಸಬೇಕು ಅಂದರೆ ಕೊಂಬೆಗೆ ಹಳೇ ಸೊಳ್ಳೆಪರದೆಯ ತುಂಡನ್ನು ಸಡಿಲವಾಗಿ ಕಟ್ಟಿ, ಗಾಳಿಯೂ ಆಡುತ್ತದೆ, ಹಕ್ಕಿಯೂ ಮುಟ್ಟುವುದಿಲ್ಲ.

ಕಣಿಗಲೆ ಇದ್ದರೆ ಅದರ ಎಲೆಯ ಅಡಿಯನ್ನೂ ನೋಡಿ. ಕಾಮನ್ ಕ್ರೋ ಚಿಟ್ಟೆಯ ಕೋಶ ಅಲ್ಲಿ ನೇತಾಡುತ್ತಿದ್ದರೆ ಬೆಳ್ಳಿ ಅಂಗಡಿಯಿಂದ ತಂದು ತೂಗುಹಾಕಿದಂತೆ ಫಳಫಳ ಹೊಳೆಯುತ್ತದೆ. ಕಣಿಗಲೆ ಹಾಲು ವಿಷ, ಮುಟ್ಟಿದಮೇಲೆ ಕೈ ತೊಳೆಯಿರಿ.

ಮಾವಿನ ಮರ ಇರುವವರು ಹೂವಿನ ಕಾಲದಲ್ಲಿ ಒಂದು ಕೆಲಸ ಮಾಡಿ. ಒಂದು ಗೊಂಚಲಿನ ಮೇಲೆ ಕಣ್ಣಿಟ್ಟು ಹತ್ತು ನಿಮಿಷದಲ್ಲಿ ಯಾರು ಯಾರು ಬಂದರು ಅಂತ ಎಣಿಸಿ. ಜೇನು ಜಾಸ್ತಿ ಬರುತ್ತದೆ ಅಂದುಕೊಂಡಿರುತ್ತೀರಿ. ಬರುವುದು ಬಹುಪಾಲು ನೊಣ. ನಾವು ತಿನ್ನುವ ಮಾವಿನಹಣ್ಣಿನ ಹಿಂದೆ ಅವುಗಳ ದುಡಿಮೆ ದೊಡ್ಡದು. ಕೆಲವು ನೊಣಗಳು ಜೇನಿನ ಹಾಗೇ ಹಳದಿ ಕಪ್ಪು ಪಟ್ಟೆ ಹಾಕಿಕೊಂಡು, ಗಾಳಿಯಲ್ಲಿ ಒಂದೇ ಕಡೆ ಅಲುಗದೆ ನಿಲ್ಲುತ್ತವೆ. ಮೋಸ ಹೋಗಬೇಡಿ. ಜೇನಿಗೆ ನಾಲ್ಕು ರೆಕ್ಕೆ, ಉದ್ದ ಮೀಸೆ. ನೊಣಕ್ಕೆ ಎರಡೇ ರೆಕ್ಕೆ, ಮುಖದ ತುಂಬ ಕಣ್ಣು, ಮೀಸೆ ಇದೆಯೋ ಇಲ್ಲವೋ ಅನ್ನುವಷ್ಟು ಚಿಕ್ಕದು.

ನುಗ್ಗೆ ಹೂವಿಗೆ ಬೆಳಿಗ್ಗೆ ಬೇಗ ಬರುವ ದಪ್ಪ ಕಪ್ಪು ದುಂಬಿ ಕೂಡ ಒಂದು ಜಾತಿಯ ಜೇನೇ, ಮರ ಕೊರೆಯುವಂಥದ್ದು. ಅದರ ಮನೆ ನೋಡಬೇಕಾದರೆ ಹಳೇ ಬಿದಿರಿನ ಏಣಿಯೋ ಒಣಗಿದ ತೊಲೆಯೋ ಇದ್ದಲ್ಲಿಗೆ ಹೋಗಿ. ಡ್ರಿಲ್ಲಿಂಗ್ ಮೆಷಿನ್ನಿನಲ್ಲಿ ಕೊರೆದಂತೆ ನೀಟಾದ ಗುಂಡು ತೂತು, ಅದರ ಕೆಳಗೆ ಸಣ್ಣ ಮರದ ಪುಡಿ. ಗೋಡೆಯ ಬಿರುಕಿನಲ್ಲೋ ಹಳೇ ಸ್ವಿಚ್ ಬೋರ್ಡಿನ ತೂತಿನಲ್ಲೋ ಮೇಣದ ಪುಟ್ಟ ಕೊಳವೆ ಹೊರಚಾಚಿಕೊಂಡಿದ್ದರೆ ಅದು ಮುಜಂಟಿ ಜೇನಿನ ಬಾಗಿಲು. ಅದಕ್ಕೆ ಚುಚ್ಚುವ ಮುಳ್ಳಿಲ್ಲ, ಧೈರ್ಯವಾಗಿ ಹತ್ತಿರ ಕೂತು ನೋಡಬಹುದು. ಹೆಜ್ಜೇನು ಮಾತ್ರ ಬೇರೆ ಮಾತು. ಹೂವಿನ ಕಾಲಕ್ಕೆ ಎತ್ತರದ ಮರಕ್ಕೋ ನೀರಿನ ಟ್ಯಾಂಕಿಗೋ ಬಂದು ಕಟ್ಟುತ್ತದೆ. ದೂರದಿಂದಲೇ ನೋಡಿ. ಕಲ್ಲು, ಹೊಗೆ, ಪಟಾಕಿ ಏನೂ ಬೇಡ.

ಅವರೆ, ಅಲಸಂದೆ ಬಳ್ಳಿಯ ಕುಡಿಯಲ್ಲಿ ಹೇನು ಮುತ್ತಿದೆ ಅಂತ ಔಷಧ ಹೊಡೆಯುವ ಮೊದಲು ಒಂದು ವಾರ ತಡೆಯಿರಿ. ಅಲ್ಲಿ ಇರುವೆಗಳು ಹೇನಿನ ಬೆನ್ನು ಸವರಿ ಸಿಹಿ ರಸ ಕುಡಿಯುತ್ತಿರುತ್ತವೆ, ಅದನ್ನು ನೋಡುವುದೇ ಒಂದು ಖುಷಿ. ಆಮೇಲೆ ಗುಲಗಂಜಿ ಹುಳ, ಅಂದರೆ ಲೇಡಿಬರ್ಡ್, ಬರುತ್ತದೆ. ಅದರ ಮರಿ ಅಪ್ಪ ಅಮ್ಮನ ಹಾಗಿರುವುದಿಲ್ಲ, ಪುಟಾಣಿ ಮೊಸಳೆಯ ಹಾಗೆ ಕಪ್ಪಗೆ, ಮೈ ಮೇಲೆ ಕಿತ್ತಳೆ ಬಣ್ಣದ ಚುಕ್ಕಿ. ಗೊತ್ತಿಲ್ಲದೆ ಎಷ್ಟೋ ಜನ ಅದನ್ನೇ ಹೊಸಕಿ ಹಾಕುತ್ತಾರೆ. ಹೇನು ತಿಂದು ಗಿಡ ಉಳಿಸುವುದೇ ಅದು.

ಹಕ್ಕಿಗಳ ವಿಷಯಕ್ಕೆ ಮೊದಲು ಕಿವಿ ಸಾಕು. ಕೋಗಿಲೆ ಮೊದಲ ಸಲ ಕೂಗಿದ ದಿನವನ್ನು ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ಕುಹೂ ಅನ್ನುವುದು ಕಪ್ಪಗಿನ ಗಂಡು. ಹೆಣ್ಣು ಕಂದು ಮೈಗೆ ಬಿಳಿ ಚುಕ್ಕಿ, ಕಿಕ್ ಕಿಕ್ ಕಿಕ್ ಅಂತ ಗಾಬರಿಯ ದನಿ. ಕಾಗೆ ಎಲ್ಲಿ ಕಡ್ಡಿ ಒಯ್ಯುತ್ತಿದೆ ನೋಡಿಕೊಂಡರೆ ಕೋಗಿಲೆ ಜೋಡಿ ಅಲ್ಲೇ ಸುತ್ತುತ್ತಿರುತ್ತದೆ. ಬೆಳಗಿನ ಜಾವ ಟಿವಿ ಕಂಬದ ಮೇಲೋ ಟ್ಯಾಂಕಿನ ಮೇಲೋ ಕೂತು ಸೀಟಿ ಹೊಡೆಯುವ ಕಪ್ಪು ಬಿಳುಪು ಹಕ್ಕಿ ಮಡಿವಾಳ. ಟುವಿ ಟುವಿ ಅಂತ ಮೈಗಿಂತ ದೊಡ್ಡ ದನಿ ತೆಗೆಯುವುದು ಸಿಂಪಿಗ. ಅಗಲ ಎಲೆಯ ಅಂಚಿಗೆ ತೂತು ಮಾಡಿ, ಜೇಡರ ನೂಲೋ ಹತ್ತಿಯೋ ತೂರಿಸಿ ಹೊಲಿದು ಒಳಗೆ ಗೂಡು ಕಟ್ಟುತ್ತದೆ. ಸೂರಕ್ಕಿ ಬಟ್ಟೆ ಒಣಹಾಕುವ ತಂತಿಯಿಂದಲೂ ಗೂಡು ತೂಗುಬಿಡುತ್ತದೆ. ಗೂಡು ಕಂಡರೆ ಒಂದೇ ಸಲ ನೋಡಿ ದೂರ ಬನ್ನಿ. ಮೊಬೈಲ್ ಹಿಡಿದು ದಿನಾ ಹತ್ತಿರ ಹೋದರೆ ಕಾಗೆಗೂ ಬೆಕ್ಕಿಗೂ ನಾವೇ ದಾರಿ ತೋರಿಸಿದ ಹಾಗೆ. ಎಲೆ ಸರಿಸಿ ಫೋಟೊ ತೆಗೆಯುವುದಂತೂ ಬೇಡವೇ ಬೇಡ.

ನೀರು ಇಡಿ. ಅಗಲವಾದ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಆಳ ಬೇಡ, ನಡುವೆ ನಾಲ್ಕು ಕಲ್ಲು ಇಟ್ಟರೆ ಜೇನು ಮುಳುಗದೆ ಕೂತು ಕುಡಿಯುತ್ತದೆ. ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ, ಹೊಸ ನೀರು ಹಾಕಿ, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗಾಗುತ್ತದೆ.

ಕಲ್ಲು ಎತ್ತಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ. ಚಪ್ಪಲಿ ಹಾಕಿಕೊಳ್ಳಿ, ಕಲ್ಲಿನ ಆಚೆಯ ಅಂಚನ್ನು ಕೋಲಿನಿಂದ ಎತ್ತಿ ನಿಮ್ಮ ಕಡೆಗೆ ವಾಲಿಸಿ. ಚೇಳೋ ಜರಿಯೋ ಇದ್ದರೆ ಆಚೆ ಕಡೆಗೆ ಹೋಗುತ್ತದೆ, ಕಲ್ಲು ನಿಮಗೆ ಅಡ್ಡ ಇರುತ್ತದೆ. ನೋಡಿದಮೇಲೆ ಮೆಲ್ಲಗೆ ಇದ್ದ ಹಾಗೇ ಇಡಿ, ಅದು ಅವುಗಳ ಮನೆ ಅಲ್ವಾ.

ಬರೆದಿಡುವುದನ್ನು ಬಿಡಬೇಡಿ. ದಿನಾಂಕ, ಹೊತ್ತು, ಯಾವ ಗಿಡ, ಏನು ಮಾಡುತ್ತಿತ್ತು. ಹೆಸರು ಗೊತ್ತಿಲ್ಲದಿದ್ದರೆ "ಹೊಟ್ಟೆ ಕೆಂಪು, ಕಾಲು ಉದ್ದ" ಅಂತ ಬರೆದರೂ ಸಾಕು. ಫೋಟೊ ತೆಗೆದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಗಿಡದ್ದೊಂದು. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಅನ್ನುವ ವೆಬ್‌ಸೈಟುಗಳಲ್ಲಿ ಒಂದಕ್ಕೆ ಹಾಕಿದರೆ ತಿಳಿದವರು ಹೆಸರು ಹೇಳುತ್ತಾರೆ. ಹಕ್ಕಿಯ ದನಿಗೆ ಮರ್ಲಿನ್ ಆ್ಯಪ್ ಇದೆ. ನಿಮ್ಮ ಬೀದಿಯ ಒಂದು ಮರವನ್ನು, ಮರಗಳ ಋತು ಬದಲಾವಣೆ ಗಮನಿಸುವ ಸೀಸನ್‌ವಾಚ್ ಯೋಜನೆಯಲ್ಲಿ ದಾಖಲಿಸಿ ವಾರಕ್ಕೊಮ್ಮೆ ಚಿಗುರು, ಹೂವು, ಕಾಯಿ ಬರೆಯಬಹುದು. ಫೆಬ್ರುವರಿ ನಡುವೆ 4 ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಅನ್ನುವ ಹಕ್ಕಿ ಎಣಿಕೆಗೆ 15 ನಿಮಿಷ ಎಣಿಸಿದರೂ ಲೆಕ್ಕಕ್ಕೆ ಬರುತ್ತದೆ.

ಕೊನೆಗೆ ರಾತ್ರಿಯ ಕೆಲಸ ಒಂದು. ಅಮಾವಾಸ್ಯೆಯ ಹತ್ತಿರ, ಗಾಳಿ ಇಲ್ಲದ ದಿನ, ತಂತಿಗೆ ಬಿಳಿ ಪಂಚೆ ಹಾಕಿ ಅದರ ಮುಂದೆ ಒಂದು ಬಲ್ಬ್ ಉರಿಸಿ. ಅರ್ಧ ಗಂಟೆಯಲ್ಲಿ ಪತಂಗಗಳು ಬಂದು ಕೂರುತ್ತವೆ. ಕೆಲವು ಒಣಗಿದ ಎಲೆಯಂತೆ, ಕೆಲವು ತೊಗಟೆಯ ಚೂರಿನಂತೆ. ಏಪ್ರಿಲ್‌ನಲ್ಲಿ ಮೊದಲ ಮಳೆ ಬಿದ್ದ ಸಂಜೆಯಾದರೆ ರೆಕ್ಕೆ ಬಂದ ಗೆದ್ದಲು ಪಂಚೆ ತುಂಬ ಮುತ್ತುತ್ತದೆ. ಒಂದು ಗಂಟೆ ನೋಡಿ, ದೀಪ ಆರಿಸಿ, ಪಂಚೆಯನ್ನು ಮೆಲ್ಲಗೆ ಒದರಿ ಒಳಗೆ ತನ್ನಿ. ಹಾಗೇ ಬಿಟ್ಟರೆ ಬೆಳಗಾಗುವುದರೊಳಗೆ ಹಲ್ಲಿಗಳೂ, ಬೆಳಕು ಹರಿದಮೇಲೆ ಹಕ್ಕಿಗಳೂ ಅಲ್ಲಿ ಕೂತ ಪತಂಗಗಳನ್ನೆಲ್ಲ ಮುಗಿಸಿಬಿಡುತ್ತವೆ.