ಚೀಲದ ಕಣ್ಣನ್ನು ತಿರುಗಿಸಿ ಕಟ್ಟಿದ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಬೀಳಗಿ ಭಾಗದಲ್ಲಿ, ಆಲಮಟ್ಟಿ ಹಿನ್ನೀರನ್ನೇ ನಂಬಿ ಬದುಕುವ ನಾವು ಬೇಸಿಗೆಯಲ್ಲಿ ಸುತ್ತಲಿನ ಕೆರೆಗಳಲ್ಲಿಯೂ ಎಳೆಬಲೆ ಹಾಕುತ್ತೇವೆ. ಸಮುದ್ರದಲ್ಲಿ ದೋಣಿ ಎಳೆದೊಯ್ಯುವ ಟ್ರಾಲ್ ಬಲೆಗೆ ಇರುವಂತೆಯೇ ನಮ್ಮ ಬಲೆಗೂ ಮೀನು ಕೂಡಿಬೀಳುವ ಒಂದು ಚೀಲವಿದೆ. ಅದರ ಕಣ್ಣನ್ನು, ಅಂದರೆ ದಾರಗಳ ನಡುವಿನ ತೂತನ್ನು, ಹಿಗ್ಗಿಸಿ ಅಳೆದರೆ ಒಂದು ಗಂಟಿನಿಂದ ಎದುರಿನ ಗಂಟಿಗೆ 60 ಮಿ.ಮೀ. ಆದರೂ ಗೇಣುದ್ದವೂ ಇಲ್ಲದ ರೋಹು, ಮೃಗಾಲ್ ಮರಿಗಳು ಬುಟ್ಟಿಗಟ್ಟಲೆ ಬರುತ್ತಿದ್ದವು. ದಂಡೆಯಿಂದ ಮರಳಿ ನೀರಿಗೆ ಬಿಟ್ಟರೂ, ಹುರುಪೆ ಕಿತ್ತುಹೋದ ಎಷ್ಟೋ ಮರಿಗಳು ಮರುದಿನ ಸತ್ತು ತೇಲುತ್ತಿದ್ದುದನ್ನು ಕಂಡು ನನಗೆ ಸಂಕಟವಾಗುತ್ತಿತ್ತು. ಮರಿ ತಪ್ಪಿಸಿಕೊಳ್ಳುವುದಾದರೆ ನೀರಿನೊಳಗೇ ತಪ್ಪಿಸಿಕೊಳ್ಳಬೇಕು.

"ಕಣ್ಣಿನ ಅಳತಿ ಕೇಳಬ್ಯಾಡ, ಜಗ್ಗಿದಾಗ ಅದು ಹೆಂಗ ಇರತೈತಿ ನೋಡು," ಎಂದರು ನಮ್ಮ ಕಾಕಾ. ಚೀಲವನ್ನು ಬೇವಿನ ಕೊಂಬೆಗೆ ತೂಗುಹಾಕಿ, ಕೆಳಗೆ ಕಲ್ಲು ಕಟ್ಟಿದೆವು. ಶಂಕರಪೋಳಿಯಂತಿದ್ದ ಕಣ್ಣುಗಳೆಲ್ಲ ಮುಚ್ಚಿಕೊಂಡು ಬೆರಳು ತೂರದಷ್ಟು ಸಣ್ಣ ಸೀಳುಗಳಾದವು. ನೀರಿನಲ್ಲಿ ಬಲೆ ಎಳೆಯುವಾಗಲೂ ಹೀಗೆಯೇ ಆಗುತ್ತದೆ. ಮೀನು ತುಂಬಿ ಚೀಲ ಉಬ್ಬಿದಲ್ಲಿ, ಆ ರಾಶಿಯ ತುಸು ಮುಂದಿನ ಕೆಲವು ಸಾಲುಗಳ ಕಣ್ಣುಗಳಷ್ಟೇ ತೆರೆದಿರುತ್ತವೆ.

ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ, ದಾರದ ಸಾಲಿಗುಂಟ ಓರೆಯಾಗಿ ಕತ್ತರಿಸಿ ಹೊಸ ಚೀಲ ಹೊಲಿದೆ. ಈಗ ಎಳೆತವನ್ನು ಉದ್ದುದ್ದ ಹೋಗುವ ದಾರಗಳೇ ಹೊರುವುದರಿಂದ ಕಣ್ಣು 30 ಮಿ.ಮೀ. ಬದಿಯ ಚೌಕವಾಗಿ ತೆರೆದೇ ಉಳಿಯುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆಯು ಟ್ರಾಲ್ ಬಲೆಗಳಿಗೆ ಚೌಕ ಕಣ್ಣಿನ ಚೀಲವನ್ನು ಹೇಳುತ್ತ ಬಂದಿರುವುದೂ ಇದೇ ಕಾರಣಕ್ಕೆ. ಮೊದಲ ಎಳೆತದಲ್ಲಿ ಚೀಲ ದಂಡೆಗೆ ಇನ್ನೂ ನಾಲ್ಕು ಮಾರು ದೂರವಿರುವಾಗಲೇ ಮರಿಗಳು ಕಣ್ಣಿನಿಂದ ಬೆಳ್ಳಗೆ ಮಿಂಚಿ ಹೊರಬೀಳುವುದನ್ನು ಕಣ್ಣಾರೆ ಕಂಡೆ. ಬುಟ್ಟಿಯ ತೂಕ ಕಡಿಮೆಯಾಯಿತು, ಆದರೆ ಮಾರುವಂಥ ಮೀನು ಕಡಿಮೆಯಾಗಲಿಲ್ಲ.

ಮೈ ದುಂಡಗಿರುವ ರೋಹು, ಮೃಗಾಲ್‌ಗಳಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಚಪ್ಪಟೆಯಾಗಿ ಅಗಲವಿರುವ ತಿಲಾಪಿಯಾ ಚೌಕದಲ್ಲಿ ಅಷ್ಟು ಸಲೀಸಾಗಿ ನುಸುಳುವುದಿಲ್ಲ. ಅದರ ಬೆನ್ನಿನ ಮುಳ್ಳು ಬೇರೆ ಸಿಕ್ಕಿಕೊಳ್ಳುತ್ತದೆ. ನನಗೆ ಹೆಚ್ಚು ತೊಂದರೆ ಕೊಟ್ಟದ್ದು ಗಂಟುಗಳು. ತಿರುಗಿಸಿ ಕಟ್ಟಿದ ನೈಲಾನ್ ಬಲೆಯಲ್ಲಿ ಎಳೆತ ಗಂಟಿನ ಮೇಲೆ ಓರೆಯಾಗಿ ಬೀಳುವುದರಿಂದ ಕೆಲವೇ ಎಳೆತಗಳಲ್ಲಿ ಗಂಟುಗಳು ಜಾರಿ, ಒಂದು ಕಣ್ಣು ದೊಡ್ಡದಾಗಿ ಪಕ್ಕದ್ದು ಕಿರಿದಾಯಿತು. ಮುಂದಿನ ಚೀಲಕ್ಕೆ ಗಂಟಿಲ್ಲದ, ಹೆಣೆದ ಬಲೆಯನ್ನೇ ತರಿಸಿದ್ದೇನೆ. ಕೆರೆಯ ನೀರು ಇಳಿದ ಕೂಡಲೇ ಅದನ್ನು ಹಾಕುವವನಿದ್ದೇನೆ.