ಕೋಳಿ ಸಾಕಣೆಗೆ ಮನೆಯಲ್ಲೇ ಮಾಡಿಕೊಳ್ಳುವ ಸಾಮಾನು: ಕಾವು ಪೆಟ್ಟಿಗೆಯಿಂದ ಮೇವಿನ ಬಕೆಟ್‌ವರೆಗೆ

ಹಿತ್ತಲಲ್ಲಿ ಹತ್ತಿಪ್ಪತ್ತು ಕೋಳಿ ಸಾಕುವವರು ಅಂಗಡಿಯಿಂದ ಯಂತ್ರ ತರಬೇಕಾಗಿಲ್ಲ. ಹಳೇ ಪೇಂಟ್ ಬಕೆಟ್, ಥರ್ಮಾಕೋಲ್ ಪೆಟ್ಟಿಗೆ, ರಟ್ಟು, ಎರಡು ಬಲ್ಬು, ಒಂದಿಷ್ಟು ಜಾಲರಿ ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಆದರೆ ಶಾಖ ಹಿಡಿತದಲ್ಲಿಡುವ ಥರ್ಮೋಸ್ಟಾಟ್ ಮತ್ತು ನಂಬಬಹುದಾದ ಥರ್ಮಾಮೀಟರ್, ಇವೆರಡರಲ್ಲಿ ಮಾತ್ರ ದುಡ್ಡು ಉಳಿಸಲು ಹೋಗಬೇಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಕಾವಿಗೆ ಬಂದ ನಾಟಿ ಹೇಂಟೆ ಇದೆ, ನಿಮಗೆ ಬೇಕಿರುವುದು ಹತ್ತು ಹನ್ನೆರಡು ಮರಿ ಅಂದರೆ ಬಲ್ಬಿನ ಶಾಖದಲ್ಲಿ ಮರಿ ಮಾಡಿಸುವ ಕಾವು ಪೆಟ್ಟಿಗೆಯ ಸಹವಾಸವೇ ಬೇಡ. ಶಾಖ, ತೇವ, ಮೊಟ್ಟೆ ತಿರುಗಿಸುವುದು ಎಲ್ಲ ಅದೇ ನೋಡಿಕೊಳ್ಳುತ್ತದೆ. ಅಗಲ ಬಾಯಿಯ ಬುಟ್ಟಿಗೆ ಮೂರು ಬೆರಳು ಮರಳು ಹಾಕಿ, ಮೇಲೆ ಒಣ ಹುಲ್ಲು ಹರಡಿ, ನಡುವೆ ಸ್ವಲ್ಪ ಗುಂಡಿ ಮಾಡಿ. ಹೇನಿನ ಕಾಟಕ್ಕೆ ಒಣಗಿದ ಬೇವಿನ ಎಲೆ ಸೇರಿಸಿ. ಕತ್ತಲಿರುವ ಮೂಲೆಯಲ್ಲಿ, ರಾತ್ರಿ ಹೊತ್ತು ಕೂರಿಸಿದರೆ ಗಲಾಟೆ ಮಾಡದೆ ಕೂರುತ್ತದೆ. ದಿನಕ್ಕೊಂದು ಸಲ ಎದ್ದು ಬಂದು ಮೇಯುತ್ತದೆ, ಅಷ್ಟು ಹೊತ್ತಿನಲ್ಲಿ ಮೊಟ್ಟೆ ಕೆಡುವುದಿಲ್ಲ, ಸುಮ್ನೆ ಬಿಟ್ಟುಬಿಡಿ.

ಪೆಟ್ಟಿಗೆ ಬೇಕಾಗುವುದು ಮೊಟ್ಟೆ ಜಾಸ್ತಿ ಇದ್ದಾಗ, ಇಲ್ಲವೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಿಂದ ಬಂದ ಗಿರಿರಾಜ, ಸ್ವರ್ಣಧಾರದಂಥ ತಳಿ ಸಾಕಿದಾಗ. ಅವು ಮೊಟ್ಟೆಯೇನೋ ಚೆನ್ನಾಗಿ ಇಡುತ್ತವೆ, ಕಾವಿಗೆ ಕೂರುವುದು ಅಪರೂಪ.

ಪೆಟ್ಟಿಗೆಗೆ ಮೀನು ಅಥವಾ ಔಷಧಿ ಬರುವ ದಪ್ಪ ಥರ್ಮಾಕೋಲ್ ಡಬ್ಬ ಸಾಕು. ಮೀನಿನದಾದರೆ ತೊಳೆದು, ಎರಡು ದಿನ ಬಿಸಿಲಿಗಿಡಿ. ಒಳಗೆ ಎರಡು 40 ವ್ಯಾಟ್ ಬಲ್ಬು ಹಾಕಿ. ಬಿಸಿಯಾಗುವ ಹಳೇ ಬಲ್ಬೇ ಬೇಕು, ಎಲ್‌ಇಡಿ ಆಗದು. ಎರಡು ಯಾಕೆ ಅಂದರೆ, ಮಧ್ಯರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಇರುತ್ತದಲ್ವಾ. ಥರ್ಮಾಕೋಲ್‌ಗೂ ಬಲ್ಬಿಗೂ ನಾಲ್ಕು ಇಂಚಾದರೂ ಅಂತರ ಇರಲಿ, ಹಿಂದೆ ತಗಡಿನ ತುಂಡು ನಿಲ್ಲಿಸಿ, ಇಲ್ಲದಿದ್ದರೆ ಕರಗುತ್ತದೆ. ಬಲ್ಬಿನ ಸುತ್ತ ಜಾಲರಿ ಕಟ್ಟಿ, ಹುಟ್ಟಿದ ಮರಿ ಹೋಗಿ ತಾಗದ ಹಾಗೆ. ಮುಚ್ಚಳದಲ್ಲಿ ಅಂಗೈ ಅಗಲ ಕತ್ತರಿಸಿ ಗಾಜು ಕೂರಿಸಿದರೆ ಪದೇ ಪದೇ ತೆಗೆದು ನೋಡುವ ಚಟ ತಪ್ಪುತ್ತದೆ. ಪೆನ್ಸಿಲ್ ದಪ್ಪದ ತೂತು ಕೆಳಗೆ ನಾಲ್ಕು, ಮೇಲೆ ನಾಲ್ಕು. ಮೊಟ್ಟೆಯೊಳಗಿನ ಮರಿಯೂ ಉಸಿರಾಡುತ್ತದೆ, ಕೊನೇ ದಿನಗಳಲ್ಲಂತೂ ಗಾಳಿ ತುಂಬಾ ಬೇಕು.

ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನು ಸಿಕ್ಕರೆ ಖಂಡಿತ ಹಾಕಿ. ಫ್ಯಾನಿದ್ದರೆ ಪೆಟ್ಟಿಗೆಯ ಎಲ್ಲ ಮೂಲೆಯಲ್ಲೂ ಒಂದೇ ಶಾಖ, 37.5 ಡಿಗ್ರಿ ಸೆಲ್ಸಿಯಸ್ ಇಟ್ಟರಾಯಿತು. ಫ್ಯಾನಿಲ್ಲದಿದ್ದರೆ ಬಿಸಿ ಗಾಳಿ ಮೇಲೆ ನಿಲ್ಲುತ್ತದೆ, ಆಗ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಅಳೆದು 38.5ರ ಆಸುಪಾಸು ಇಡಬೇಕು. ಥರ್ಮೋಸ್ಟಾಟ್ ಅಂದರೆ ಡಬ್ಲ್ಯು-1209 ಅನ್ನುವ ಸಣ್ಣ ಬೋರ್ಡು ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ, 12 ವೋಲ್ಟ್ ಅಡಾಪ್ಟರಿನಲ್ಲಿ ನಡೆಯುತ್ತದೆ. ಅದನ್ನು ಕೊಂಡವರು ಎರಡು ಸೆಟ್ಟಿಂಗ್ ಮರೆಯದೆ ಬದಲಿಸಿ. ಪಿ0 ಅನ್ನು ‘ಎಚ್’ಗೆ ಇಡಿ, ಅಂದರೆ ಬಿಸಿ ಮಾಡುವ ಕೆಲಸಕ್ಕೆ. ಪಿ1 ಅಂದರೆ ಶಾಖ ಎಷ್ಟು ಇಳಿದ ಮೇಲೆ ಬಲ್ಬು ಮತ್ತೆ ಹತ್ತಬೇಕು ಅನ್ನುವುದು, ಅದು ಸಾಮಾನ್ಯವಾಗಿ 2 ಡಿಗ್ರಿ ಅಂತ ಬಂದಿರುತ್ತದೆ, ಅಷ್ಟು ಏರಿಳಿತ ಮೊಟ್ಟೆಗೆ ಆಗಿಬರುವುದಿಲ್ಲ, 0.3ಕ್ಕೆ ಇಳಿಸಿ. ಸೆನ್ಸರ್ ತುದಿ ಮೊಟ್ಟೆಯ ಎತ್ತರದಲ್ಲೇ ಇರಲಿ, ಬಲ್ಬಿನ ಪಕ್ಕದಲ್ಲಲ್ಲ. ಬಲ್ಬಿಗೆ ಹೋಗುವ 230 ವೋಲ್ಟಿನ ಜೋಡಣೆ ಗೊತ್ತಿಲ್ಲದಿದ್ದರೆ ಊರಿನ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒಳಗೆ ನೀರಿನ ಬಟ್ಟಲೂ ಇರುತ್ತದೆ, ಹುಡುಗಾಟ ಬೇಡ.

ಬೋರ್ಡು ತೋರಿಸುವ ಅಂಕಿಯನ್ನು ಹಾಗೇ ನಂಬಬೇಡಿ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಎಲ್ಲರ ಮನೆಯಲ್ಲೂ ಇರುತ್ತದೆ, ಅದು ನಿಖರವಾಗಿರುವುದು ನಮಗೆ ಬೇಕಾದ ಈ ಶಾಖದಲ್ಲೇ. ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಅದನ್ನೂ ಸೆನ್ಸರನ್ನೂ ಒಟ್ಟಿಗೆ ಅದ್ದಿ ಎರಡನ್ನೂ ಹೋಲಿಸಿ ನೋಡಿ. ತೇವ ಅಳೆಯುವ ಮೀಟರಿಗೂ ಒಂದು ಪರೀಕ್ಷೆ ಇದೆ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಮರಳಿನಂತಾಗುವಷ್ಟು ಮಾತ್ರ ನೀರು ಹನಿಸಿ, ಮೀಟರ್ ಜೊತೆ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಎಂಟು ಹತ್ತು ಗಂಟೆ ಬಿಟ್ಟು ನೋಡಿದರೆ ಅದು ಶೇ. 75 ತೋರಿಸಬೇಕು, ಹೆಚ್ಚುಕಡಿಮೆ ಇದ್ದರೆ ಅಷ್ಟನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಮೊದಲ 18 ದಿನ ತೇವ ಶೇ. 50ರಿಂದ 55, ಕೊನೆಯ ಮೂರು ದಿನ 65ರಿಂದ 70. ತೇವ ಹೆಚ್ಚಬೇಕಾದರೆ ಬಟ್ಟಲಿನ ಆಳ ಅಲ್ಲ, ಅಗಲ ಹೆಚ್ಚಬೇಕು. ಮಲೆನಾಡಿನ ಮಳೆಗಾಲದಲ್ಲಿ ಬಟ್ಟಲೇ ಬೇಡವಾಗಬಹುದು, ಬಯಲುಸೀಮೆಯ ಬೇಸಿಗೆಯಲ್ಲಿ ಎರಡು ಬಟ್ಟಲಿಟ್ಟರೂ ಸಾಲದೆ ಒದ್ದೆ ಬಟ್ಟೆ ಹಾಕಬೇಕಾಗಬಹುದು. ಅಡುಗೆಮನೆಯ ತಕ್ಕಡಿ ಇದ್ದರೆ ಇನ್ನೂ ಸುಲಭ. 50 ಗ್ರಾಂ ಇದ್ದ ಮೊಟ್ಟೆ 18ನೇ ದಿನಕ್ಕೆ ಸುಮಾರು 44 ಗ್ರಾಂಗೆ ಇಳಿದಿದ್ದರೆ ತೇವ ಸರಿ ಇದೆ ಅಂತ ಅರ್ಥ.

ಏಳು ದಿನಕ್ಕಿಂತ ಹಳೆಯ ಮೊಟ್ಟೆ ಇಡಬೇಡಿ. ತೊಳೆಯಬೇಡಿ, ಫ್ರಿಜ್ಜಿನದು ಬೇಡವೇ ಬೇಡ. ಪೆನ್ಸಿಲ್ಲಿನಲ್ಲಿ ಒಂದು ಕಡೆ ಗುಣಿಸು ಗುರುತು, ಇನ್ನೊಂದು ಕಡೆ ಸೊನ್ನೆ ಬರೆದು ದಿನಕ್ಕೆ ಮೂರು ಅಥವಾ ಐದು ಸಲ ತಿರುಗಿಸಿ. ಬೆಸ ಸಂಖ್ಯೆ ಯಾಕೆ ಅಂದರೆ ರಾತ್ರಿಯಿಡೀ ಅಲುಗದೆ ಇರುವ ಮಗ್ಗುಲು ದಿನ ಬಿಟ್ಟು ದಿನ ಬದಲಾಗಲಿ ಅಂತ. 18ನೇ ದಿನ ತಿರುಗಿಸುವುದು ನಿಲ್ಲಿಸಿ.

ಏಳನೇ ದಿನ ರಾತ್ರಿ ದೀಪ ಆರಿಸಿ, ರಟ್ಟಿನಲ್ಲಿ ಎರಡು ರೂಪಾಯಿ ನಾಣ್ಯದಗಲ ತೂತು ಮಾಡಿ, ಮೊಬೈಲ್ ಟಾರ್ಚಿನ ಮೇಲಿಟ್ಟು ಮೊಟ್ಟೆಯ ದಪ್ಪ ತುದಿಯನ್ನು ಅದಕ್ಕೆ ತಾಗಿಸಿ ನೋಡಿ. ಒಳಗೊಂದು ಕಪ್ಪು ಚುಕ್ಕೆ, ಅದರಿಂದ ನಾಲ್ಕೂ ಕಡೆಗೆ ಜೇಡನ ಕಾಲಿನಂತೆ ಹರಡಿದ ಕೆಂಪು ನರ. ಗಮನವಿಟ್ಟು ನೋಡಿದರೆ ಚುಕ್ಕೆ ಅಲುಗುವುದೂ ಕಾಣುತ್ತದೆ. ನರವಿಲ್ಲದೆ ಬರೀ ಹಳದಿಯಾಗಿ ಹೊಳೆದರೆ ಮರಿ ಕಟ್ಟಿಲ್ಲದ ಮೊಟ್ಟೆ. ಕೆಂಪು ಉಂಗುರ ಮಾತ್ರ ಕಂಡರೆ ಮರಿ ಒಳಗೇ ಸತ್ತಿದೆ. ಎರಡನ್ನೂ ತೆಗೆದುಬಿಡಿ, ಕೊಳೆತು ಒಡೆದರೆ ಉಳಿದವಕ್ಕೂ ತೊಂದರೆ.

ಕರೆಂಟ್ ಹೋದರೆ ಗಾಬರಿ ಬೇಡ. ಮುಚ್ಚಳ ತೆಗೆಯದೆ, ಗಾಳಿಯ ತೂತು ಬಿಟ್ಟು ಕಂಬಳಿ ಹೊದಿಸಿ. ತುಂಬಾ ಹೊತ್ತಾದರೆ ಬಿಸಿನೀರಿನ ಬಾಟಲಿ ಒಳಗಿಡಿ. ಸ್ವಲ್ಪ ಹೊತ್ತಿನ ಚಳಿಯನ್ನು ಮೊಟ್ಟೆ ತಡೆದುಕೊಳ್ಳುತ್ತದೆ, 40 ಡಿಗ್ರಿ ದಾಟಿದ ಬಿಸಿಯನ್ನು ತಡೆಯುವುದಿಲ್ಲ.

21ನೇ ದಿನದ ಹೊತ್ತಿಗೆ ಮರಿ ಚಿಪ್ಪು ಒಡೆದು ಕೊಕ್ಕು ತೂರಿಸುತ್ತದೆ. ಅಲ್ಲಿಂದ ಪೂರ್ತಿ ಹೊರಬರಲು 12ರಿಂದ 24 ಗಂಟೆ ಹಿಡಿಯಬಹುದು. ಪಾಪ ಅಂತ ಚಿಪ್ಪು ಬಿಡಿಸಲು ಹೋಗಬೇಡಿ, ಒಳಗಿನ ರಕ್ತನಾಳ ಇನ್ನೂ ಆರಿರುವುದಿಲ್ಲ. ಹೊರಬಂದ ಮರಿಯನ್ನೂ ಪುಕ್ಕ ಒಣಗುವ ತನಕ ಅಲ್ಲೇ ಬಿಡಿ. ಹೊಟ್ಟೆಯೊಳಗೆ ಮೊಟ್ಟೆಯ ಹಳದಿ ಇನ್ನೂ ಇರುತ್ತದೆ, ಒಂದು ದಿನ ಮೇವಿಲ್ಲದಿದ್ದರೂ ಏನೂ ಆಗದು.

ಮರಿಯ ಗೂಡನ್ನು ಮೊಟ್ಟೆ ಒಡೆಯುವ ಮೊದಲೇ ರೆಡಿ ಮಾಡಿ. ಬಿದಿರು ತಟ್ಟಿಯನ್ನೋ ರಟ್ಟನ್ನೋ ಒಂದೂವರೆ ಅಡಿ ಎತ್ತರಕ್ಕೆ ಗುಂಡಗೆ ಬಳಸಿ. ಚೌಕವಾಗಿದ್ದರೆ ಮರಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಸಾಯುತ್ತವೆ. ನೆಲಕ್ಕೆ ಎರಡು ಇಂಚು ಭತ್ತದ ಹೊಟ್ಟು, ಮೊದಲ ಮೂರು ದಿನ ಅದರ ಮೇಲೆ ಗೋಣಿಚೀಲ. ಬರೀ ಪೇಪರ್ ಹಾಕಿದರೆ ಕಾಲು ಜಾರಿ ಸೊಟ್ಟಗಾಗುತ್ತದೆ. ನಡುವೆ ಬಲ್ಬನ್ನು ಸರಪಳಿಯಿಂದ ತೂಗುಹಾಕಿ. ವೈರಿನ ಮೇಲೇ ಭಾರ ಬಿಟ್ಟರೆ ಒಂದು ದಿನ ಜಾರಿ ಹೊಟ್ಟಿಗೆ ಬೆಂಕಿ ಹತ್ತಬಹುದು. ಮೊದಲ ವಾರ 32ರಿಂದ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿ ಕಡಿಮೆ ಮಾಡುತ್ತಾ ಬನ್ನಿ, ಅಂದರೆ ಬಲ್ಬು ಮೇಲೆತ್ತಿ.

ಇಲ್ಲಿ ಥರ್ಮಾಮೀಟರಿಗಿಂತ ಮರಿಯನ್ನೇ ನೋಡಿ. ಬಲ್ಬಿನ ಕೆಳಗೆ ಗುಂಪುಗೂಡಿ ಚೀಂವ್ ಚೀಂವ್ ಅಂತ ಒಂದೇ ಸಮನೆ ಅರಚಿದರೆ ಚಳಿ. ಅಂಚಿಗೆ ಹೋಗಿ ರೆಕ್ಕೆ ಇಳಿಬಿಟ್ಟು ಬಾಯಿ ತೆರೆದರೆ ಸೆಖೆ. ಎಲ್ಲವೂ ಒಂದೇ ಮಗ್ಗುಲಿಗೆ ಸರಿದಿದ್ದರೆ ಎದುರಿನಿಂದ ಗಾಳಿ ಹೊಡೆಯುತ್ತಿದೆ. ಅಲ್ಲೊಂದು ಇಲ್ಲೊಂದು ಹರಡಿಕೊಂಡು, ಕೆಲವು ಮೇಯುತ್ತಾ ಕೆಲವು ಕಾಲು ಚಾಚಿ ಮಲಗಿದ್ದರೆ ಸರಿಯಾಗಿದೆ.

ನೀರಿಗೆ ಬಾಟಲಿಯ ಬಾಯಿಯ ಹತ್ತಿರ ತೂತು ಮಾಡಿ, ತುಂಬಿಸಿ, ತಟ್ಟೆಯಲ್ಲಿ ಬೋರಲು ಹಾಕಿ. ತೂತು ತಟ್ಟೆಯ ಅಂಚಿಗಿಂತ ಕೆಳಗಿದ್ದರೆ ಮಾತ್ರ ನೀರು ತುಂಬಿ ನಿಲ್ಲುತ್ತದೆ, ಮೇಲಿದ್ದರೆ ಹರಿದು ಹೊಟ್ಟೆಲ್ಲ ಒದ್ದೆ. ಒದ್ದೆ ಹೊಟ್ಟಿನಿಂದಲೇ ರಕ್ತಭೇದಿ ಬರುವುದು. ಮೊದಲ ವಾರ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿಡಿ, ಮರಿ ಮುಳುಗುವುದಿಲ್ಲ. ದೊಡ್ಡ ಕೋಳಿಗೆ ಬಕೆಟ್ಟಿನ ತಳಕ್ಕೆ ಕೊಕ್ಕು ತಾಗಿಸಿದರೆ ನೀರು ಬಿಡುವ ನಿಪ್ಪಲ್ ಹಾಕುವುದೇ ಸರಿ, ಹತ್ತು ಕೋಳಿಗೆ ಒಂದು ಲೆಕ್ಕ. ಕತ್ತು ಮೇಲೆತ್ತಿ ಕುಡಿಯುವಷ್ಟು ಎತ್ತರಕ್ಕಿರಲಿ.

ಮೇವಿಗೆ 20 ಲೀಟರ್ ಪೇಂಟ್ ಬಕೆಟ್ ತಗೊಂಡು ತಳದ ಸುತ್ತ ಆರು ಅರ್ಧಚಂದ್ರ ಕೊರೆದು, ಅಗಲವಾದ ಪ್ಲಾಸ್ಟಿಕ್ ತಟ್ಟೆಗೆ ಬೋಲ್ಟ್ ಹಾಕಿ. ತಟ್ಟೆಯ ಅಂಚು ತೂತಿಗಿಂತ ಎತ್ತರವಿರಲಿ. ಕೋಳಿಯ ಬೆನ್ನಿನ ಮಟ್ಟಕ್ಕೆ ತೂಗುಹಾಕಿದರೆ ಕೆದರಿ ಚೆಲ್ಲುವುದು ನಿಲ್ಲುತ್ತದೆ. ಪಿವಿಸಿ ಪೈಪಿನ ಮೇವು ಕೊಳವೆ ಎಲ್ಲರೂ ಮಾಡುತ್ತಾರೆ, ನನಗದು ಅಷ್ಟು ಹಿಡಿಸುವುದಿಲ್ಲ. ಮೆಕ್ಕೆಜೋಳ, ಗುಳಿಗೆ ಮೇವು ಇಳಿಯುತ್ತದೆ, ಪುಡಿ ಮೇವು ಮಳೆಗಾಲದಲ್ಲಿ ಪೈಪಿನೊಳಗೇ ಗಟ್ಟಿಯಾಗಿ ಬೂಷ್ಟು ಹಿಡಿಯುತ್ತದೆ.

ಖರ್ಚೇ ಇಲ್ಲದ ಇನ್ನೊಂದು ಸಾಮಾನು ಗೆದ್ದಲಿನ ಮಡಕೆ. ಹಳೇ ಮಡಕೆಗೆ ಸಗಣಿ, ಹರಕು ಗೋಣಿ, ಹುಲ್ಲು ತುರುಕಿ ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿ ಮರಿಗಳ ಮುಂದೆ ಕೊಡವಿದರೆ ಮುಗಿಬೀಳುತ್ತವೆ. ಗೆದ್ದಲಿಗೆ ಔಷಧಿ ಹೊಡೆದ ಜಾಗ ಮಾತ್ರ ಬೇಡ.

ಮೊದಲ ವಾರದಲ್ಲೇ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಲು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ. ಮರಿಗಳು ರಾತ್ರಿ ಮಲಗುವ ಗೂಡಿಗೆ ಅರ್ಧ ಇಂಚಿನ ವೆಲ್ಡ್ ಮೆಶ್ ಹಾಕಿ. ಕೋಳಿ ಜಾಲರಿಯ ದೊಡ್ಡ ಕಣ್ಣಲ್ಲಿ ಹಾವು, ಇಲಿ ಸಲೀಸಾಗಿ ನುಗ್ಗುತ್ತವೆ. ಮೆಶ್ ಅನ್ನು ಒಂದಡಿ ನೆಲದೊಳಗೂ ಇಳಿಸಿದರೆ ಮುಂಗುಸಿಯೂ ಕೆಳಗಿನಿಂದ ತೋಡಿ ಬರಲಾರದು.