ಖರೀದಿಸಿದ ಹಾಡನ್ನು ಸ್ಲೈಡ್‌ಶೋಗೆ ಸೇರಿಸುವಾಗ

ಹಣ ಕೊಟ್ಟು ಕೊಂಡ ಹಾಡು ಪವರ್‌ಪಾಯಿಂಟ್ ಸ್ಲೈಡ್‌ಶೋದಲ್ಲಿ ನುಡಿಯದಿದ್ದರೆ ಮೊದಲು ಆ ಫೈಲಿನ ಹೆಸರಿನ ಕೊನೆಯ ಅಕ್ಷರಗಳನ್ನು ಗಮನಿಸಿ. ಆ್ಯಪಲ್ ಕಂಪನಿಯ ಆನ್‌ಲೈನ್ ಹಾಡಿನಂಗಡಿ ಐಟ್ಯೂನ್ಸ್‌ನಲ್ಲಿ 2009ಕ್ಕಿಂತ ಹಿಂದೆ ಮಾರಾಟವಾದ ಹಾಡುಗಳಲ್ಲಿ ಬಹುಪಾಲು ‘ಎಂ4ಪಿ’ ರೂಪದವು. ಅವುಗಳಿಗೆ ನಕಲು ತಡೆಯುವ ಬೀಗವಿರುವುದರಿಂದ ಪವರ್‌ಪಾಯಿಂಟ್ ಅವನ್ನು ನುಡಿಸಲಾರದು. ಆಮೇಲೆ ಬಂದ ‘ಎಂ4ಎ’ ಫೈಲುಗಳಿಗೂ ಸಾಮಾನ್ಯ ‘ಎಂಪಿ3’ ಫೈಲುಗಳಿಗೂ ಈ ತೊಡಕಿಲ್ಲ. ಮಾಸಿಕ ಚಂದಾ ಸೇವೆಯಿಂದ ಇಳಿಸಿಕೊಂಡ ಹಾಡು ನಮ್ಮ ಫೋನಿನಲ್ಲೇ ಇದ್ದರೂ ಅದು ಖರೀದಿಸಿದ್ದಲ್ಲ, ಆ ಆ್ಯಪ್‌ನ ಹೊರಗೆ ಅದು ಕೆಲಸ ಮಾಡುವುದಿಲ್ಲ ಎಂಬುದನ್ನು ಅನೇಕರು ಕೊನೆಯ ಗಳಿಗೆಯಲ್ಲಿ ತಿಳಿದು ಪೇಚಾಡುತ್ತಾರೆ.

ಫೈಲು ಸರಿಯಿದ್ದರೆ ಮೊದಲ ಸ್ಲೈಡಿನಲ್ಲಿ ‘ಇನ್ಸರ್ಟ್’ ಮೆನುವಿನ ‘ಆಡಿಯೋ’ ಮೂಲಕ ಅದನ್ನು ಸೇರಿಸಿ, ‘ಪ್ಲೇ ಇನ್ ಬ್ಯಾಕ್‌ಗ್ರೌಂಡ್’ ಆಯ್ಕೆಮಾಡಿ. ಆಗ ಸ್ಲೈಡ್ ಬದಲಾದರೂ ಹಾಡು ನಿಲ್ಲುವುದಿಲ್ಲ. ನಾಲ್ಕು ನಿಮಿಷದ ಹಾಡಿಗೆ 40 ಚಿತ್ರಗಳಿದ್ದರೆ ಪ್ರತಿಯೊಂದಕ್ಕೂ ಆರು ಸೆಕೆಂಡು ದೊರೆಯುತ್ತದೆ, ಆದರೆ ಚಿತ್ರ ಬದಲಾಗುವ ಪರಿಣಾಮಗಳೂ ಸಮಯ ತಿನ್ನುವುದರಿಂದ ಐದೂವರೆ ಸೆಕೆಂಡು ಇಡುವುದೇ ಕ್ಷೇಮವೆಂದು ನನ್ನ ಅಭಿಪ್ರಾಯ. ಹಾಡು ಥಟ್ಟನೆ ಕಡಿದಂತೆ ನಿಲ್ಲದಿರಲು ‘ಫೇಡ್ ಔಟ್’ಗೆ ಮೂರು ಸೆಕೆಂಡು ಕೊಡಿ. ಪವರ್‌ಪಾಯಿಂಟ್ 2007 ಮತ್ತು ಅದಕ್ಕೂ ಹಳೆಯ ಆವೃತ್ತಿಗಳಲ್ಲಿ ಎಂಪಿ3 ಹಾಡು ಪ್ರಸ್ತುತಿಯೊಳಗೆ ಸೇರದೆ ಕೇವಲ ಕೊಂಡಿಯಾಗಿ ಉಳಿಯುವುದರಿಂದ, ಎರಡೂ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟು ಒಟ್ಟಿಗೇ ಒಯ್ಯಬೇಕು.

ಇನ್ನೊಂದು ಮಾತು: ಹಾಡನ್ನು ಕೊಂಡಾಗ ನಮಗೆ ಸಿಗುವುದು ಸಾಮಾನ್ಯವಾಗಿ ಸ್ವಂತಕ್ಕೆ ಕೇಳುವ ಹಕ್ಕು ಮಾತ್ರ. ಪ್ರಸ್ತುತಿಯನ್ನು ಸಾರ್ವಜನಿಕವಾಗಿ ತೋರಿಸುವುದಾದರೆ ಅಥವಾ ಯೂಟ್ಯೂಬ್‌ಗೆ ಏರಿಸುವುದಾದರೆ ಹಕ್ಕುದಾರರ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಿರಿ.